ಬೇಳೆ ಬೇಯದ ನೀರು, ಅಳಿವೆಯ ಮೀನು

ಕೋಲಾರದ ನಮ್ಮ ಮನೆಯಲ್ಲಿ ಎರಡು ಬಗೆಯ ನೀರು. ಪಾತ್ರೆ, ಬಟ್ಟೆಗೆ ಬೋರ್‌ವೆಲ್ ನೀರು. ಕುಡಿಯಲು, ಬೇಳೆ ಬೇಯಿಸಲು ಘಟಕದಲ್ಲಿ ನಾಣ್ಯ ಹಾಕಿ ಕ್ಯಾನಿಗೆ ಹಿಡಿದು ತರುವ ಫಿಲ್ಟರ್ ನೀರು. ಬೋರ್ ನೀರಿನ ಕ್ಯಾಲ್ಸಿಯಂ ಬೇಳೆಯನ್ನು ಒಳಗೆ ಅಂಟಿಸಿಟ್ಟಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡಿಬಿಡುತ್ತದೆ. ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಹಾಗಾಗಿ ಬೆಂಗಳೂರಿನಿಂದ ನಾಲ್ಕು ಸ್ಕ್ಯಾಟ್ ಮೀನಿನ ಮರಿಗಳನ್ನು ತಂದಾಗ, 100 ಲೀಟರಿನ ಗಾಜಿನ ತೊಟ್ಟಿಗೆ ನಾನು ತುಂಬಿದ್ದು ಫಿಲ್ಟರ್ ನೀರನ್ನೇ.

ಸ್ಕ್ಯಾಟ್ ಅಳಿವೆಯ ಮೀನು. ಹೊಳೆ ಕಡಲಿಗೆ ಸೇರುವ ಕಡೆ, ಸಿಹಿಯೂ ಅಲ್ಲದ ಪೂರ್ತಿ ಉಪ್ಪೂ ಅಲ್ಲದ ನೀರಿನಲ್ಲಿ ಅದರ ಬಾಳು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ನಾನು ಅಕ್ವೇರಿಯಂ ಅಂಗಡಿಯ ಸಮುದ್ರ ಲವಣವನ್ನು ಲೀಟರಿಗೆ 10 ಗ್ರಾಂನಂತೆ ಬೆರೆಸಿದೆ. ಎರಡು ತಿಂಗಳು, ನೀರಿನ ಸಾಂದ್ರತೆಯಿಂದ ಉಪ್ಪು ಅಳೆಯುವ ಹೈಡ್ರೋಮೀಟರ್ 1.007ರ ಹತ್ತಿರವೇ ತೇಲುತ್ತಿತ್ತು. ಉಪ್ಪು ಸರಿಯಿದೆ, ಇನ್ನೇನು ಎಂದುಕೊಂಡೆ.

ಒಂದು ಬೆಳಿಗ್ಗೆ ಮರಿಗಳು ರೆಕ್ಕೆ ಮಡಚಿಕೊಂಡು ಮೂಲೆ ಹಿಡಿದಿದ್ದವು. ಪರೀಕ್ಷಿಸಿದರೆ ಪಿಎಚ್ 8ರಿಂದ 6ಕ್ಕೆ ಇಳಿದಿತ್ತು. ಎರಡೇ ಅಂಕಿ ಎನಿಸಬಹುದು. ಆದರೆ ಈ ಮಾಪಕದಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು. ಆಮ್ಲೀಯತೆ ನೂರು ಪಟ್ಟು ಏರಿತ್ತು.

ಆದದ್ದಿಷ್ಟು. ಮೀನಿನ ದೇಹದಿಂದ ಬರುವ ಅಮೋನಿಯಾವನ್ನು ತೊಟ್ಟಿಯ ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ, ಆ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ನುಂಗುವುದು ಉಪ್ಪಲ್ಲ, ನೀರಿನಲ್ಲಿರುವ ಬೈಕಾರ್ಬನೇಟ್. ಇದರ ಅಳತೆಯೇ ಕ್ಷಾರೀಯತೆ. ಕಡಲ ನೀರಿನಲ್ಲಿ ಅದು, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ, ಲೀಟರಿಗೆ ಸುಮಾರು 120 ಮಿ.ಗ್ರಾಂ. ಫಿಲ್ಟರ್ ನೀರಿನಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಹಾಗಾಗಿ ನನ್ನ ತೊಟ್ಟಿಯಲ್ಲಿದ್ದದ್ದು ಬೆರೆಸಿದ ಲವಣದಿಂದ ಬಂದದ್ದಷ್ಟೇ, 35ರ ಆಸುಪಾಸು. ಅಮೋನಿಯಾ ರೂಪದ ಒಂದು ಮಿ.ಗ್ರಾಂ ಸಾರಜನಕಕ್ಕೆ 7 ಮಿ.ಗ್ರಾಂ ಕ್ಷಾರೀಯತೆ ಖರ್ಚು. ಲೀಟರಿಗೆ ಐದು ಮಿ.ಗ್ರಾಂ ಆಗುವಷ್ಟರಲ್ಲಿ ಗಂಟು ಖಾಲಿ.

ಗಾಬರಿಯಲ್ಲಿ ಅಡುಗೆ ಸೋಡಾ ಸುರಿದೆ. ಒಂದು ಗಂಟೆಯೊಳಗೆ ಪಿಎಚ್ 8 ಮುಟ್ಟಿತು. ಸಂಜೆಗೆ ಎರಡು ಮೀನು ಸತ್ತವು. ಅವನ್ನು ಕೊಂದದ್ದು ಆಮ್ಲವಲ್ಲ, ನನ್ನ ಅವಸರ. ಪಿಎಚ್ ಇಳಿದಾಗ ಬ್ಯಾಕ್ಟೀರಿಯಾ ಸುಸ್ತಾಗುತ್ತವೆ, ಅಮೋನಿಯಾ ಕೂಡಿಕೊಳ್ಳುತ್ತದೆ. ಆದರೆ ಆಮ್ಲೀಯ ನೀರಿನಲ್ಲಿ ಅದರ ಬಹುಪಾಲು ಅಷ್ಟೇನೂ ವಿಷವಲ್ಲದ ಅಮೋನಿಯಂ ಆಗಿರುತ್ತದೆ. ಪಿಎಚ್ 6ರಿಂದ 8ಕ್ಕೆ ಹಾರಿದರೆ ವಿಷದ ಅಮೋನಿಯಾ ಹತ್ತಿರ ಹತ್ತಿರ ನೂರು ಪಟ್ಟಾಗುತ್ತದೆ. ಮೊದಲು ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ ಅಮೋನಿಯಾ ತಗ್ಗಿಸಬೇಕಿತ್ತು. ಸೋಡಾ ಆಮೇಲೆ, ಅದೂ ಚಿಟಿಕೆ ಚಿಟಿಕೆಯಾಗಿ: 100 ಲೀಟರಿಗೆ 3 ಗ್ರಾಂ ಹಾಕಿದರೆ ಕ್ಷಾರೀಯತೆ ಲೀಟರಿಗೆ ಸುಮಾರು 18 ಮಿ.ಗ್ರಾಂ ಏರುತ್ತದೆ.

ಆ ವಾರ ಬಚ್ಚಲ ಬಕೆಟ್ಟಿನಲ್ಲಿ ಬೋರ್ ನೀರು ಉಳಿಸಿದ ಬಿಳಿ ಕರೆಯ ಮೇಲೆ ನಿಂಬೆರಸ ಹಿಂಡಿ ನೋಡಿದೆ. ಸಣ್ಣಗೆ ನೊರೆ ಎದ್ದಿತು. ನೊರೆಯಾಗಿ ಬಿಟ್ಟುಹೋಗುತ್ತಿದ್ದದ್ದು ಕಾರ್ಬನೇಟಿನ ಇಂಗಾಲದ ಡೈಆಕ್ಸೈಡ್. ಮಳೆನೀರು ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿ ನಮ್ಮ ನೆಲದಡಿಯ, ನೈಸ್ (gneiss) ಎಂಬ ಗಟ್ಟಿ ಕಲ್ಲಿನ ಬಂಡೆಗಳ ಬಿರುಕಿನಲ್ಲಿ ಇಳಿಯುತ್ತಾ ಕಲ್ಲನ್ನು ಕರಗಿಸಿ, ಬೈಕಾರ್ಬನೇಟ್ ಹೊತ್ತು ಬೋರ್‌ವೆಲ್ ಸೇರುತ್ತದೆ. ಅದೇ ಬಂಡೆ ಫ್ಲೋರೈಡನ್ನೂ ಬಿಡುವುದರಿಂದ ನಮಗೆ ಕುಡಿಯಲು ಫಿಲ್ಟರ್ ನೀರೇ ಬೇಕು. ಅಳಿವೆಯ ಮೀನಿಗೆ ಫ್ಲೋರೈಡ್ ಹೊಸದಲ್ಲ. ಕಡಲ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿ.ಗ್ರಾಂ ಇದೆ.

ಈಗ ವಾರಕ್ಕೊಮ್ಮೆ 20 ಲೀಟರ್ ಬದಲಿಸುವುದು ಬೋರ್ ನೀರಿನಿಂದ. ನೈಟ್ರೇಟ್ ನೋಡಿಯೇ ಬಳಸುತ್ತೇನೆ. ಗೊಬ್ಬರ ಬಿದ್ದ ನೆಲದ ಅಂತರ್ಜಲದಲ್ಲಿ ಅದು ಹೆಚ್ಚಿರಬಹುದು. ಹಿಂದಿನ ರಾತ್ರಿಯೇ ಬಕೆಟ್ಟಿಗೆ ಲವಣ ಬೆರೆಸಿ ಏರ್ ಪಂಪ್ ಹಾಕಿಡುತ್ತೇನೆ. ನೆಲದಾಳದಿಂದ ಬಂದ ಇಂಗಾಲದ ಡೈಆಕ್ಸೈಡ್ ಹೋದ ಮೇಲೇ ನಿಜವಾದ ಪಿಎಚ್ ಕಾಣುವುದು.

ಫಿಲ್ಟರ್ ನೀರಿಗೂ ಕೆಲಸವಿದೆ. ಏಪ್ರಿಲ್ ಬಿಸಿಲಿಗೆ ತೊಟ್ಟಿಯಿಂದ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಗಾಜಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ದಿನಾ ಬೆಳಿಗ್ಗೆ ಆ ಗೆರೆ ಮುಟ್ಟುವವರೆಗೆ ಒಂದೆರಡು ಲೋಟ ಫಿಲ್ಟರ್ ನೀರು ಹೊಯ್ಯುತ್ತೇನೆ. ಉಳಿದ ಎರಡು ಸ್ಕ್ಯಾಟ್‌ಗಳು ಲೋಟ ಕಂಡರೆ ಸಾಕು, ಮೇಲಕ್ಕೆ ಬರುತ್ತವೆ.