ನಿಂಗೆ ಜಿ ಎಷ್ಟು ಬಂತು?

ಪಿಯುಸಿ ಫಿಸಿಕ್ಸ್ ಪ್ರಾಕ್ಟಿಕಲ್ ಮುಗಿಸಿ ಲ್ಯಾಬಿನಿಂದ ಹೊರಬಂದವರು ಮೊದಲು ಕೇಳಿಕೊಳ್ಳುವುದೇ ಇದನ್ನು. ಜಿ ಎಂದರೆ ಗುರುತ್ವ ವೇಗೋತ್ಕರ್ಷ, ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬ ಅಳತೆ; ಪುಸ್ತಕದ ಪ್ರಕಾರ ಸುಮಾರು 9.8 ಮೀ/ಸೆ². ಸರಳ ಲೋಲಕದ (ದಾರಕ್ಕೆ ತೂಗುಬಿಟ್ಟ ಗುಂಡಿನ) ಪ್ರಯೋಗ ಬಂದವರಲ್ಲಿ ಒಬ್ಬಳಿಗೆ 9.7, ಇನ್ನೊಬ್ಬನಿಗೆ 9.9. ಯಾರಿಗೋ 10.8 ಬಂದು ಮುಖ ಬಾಡಿರುತ್ತದೆ. ನನಗಂತೂ ಆ 10.8ರ ಮೇಲೇ ಕುತೂಹಲ. ಲೋಲಕದ ಮುಂದೆ ಏನಾಯಿತು ಎಂಬುದನ್ನು ಆ ಅಂಕಿಯೇ ಹೇಳಿಬಿಡುತ್ತದೆ.

ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿಬರಲು ಹಿಡಿಯುವುದು ಸುಮಾರು 2 ಸೆಕೆಂಡು. 20 ಆಂದೋಲನಕ್ಕೆ 40 ಸೆಕೆಂಡು ಚಿಲ್ಲರೆ. ಸ್ಟಾಪ್‌ವಾಚ್ ಒತ್ತುವಾಗಲೇ ‘ಒಂದು’ ಎಂದು ಎಣಿಕೆ ಶುರುಮಾಡಿದರೆ, ‘ಇಪ್ಪತ್ತು’ ಎನ್ನುವಾಗ ಗುಂಡು ಹೋಗಿಬಂದಿರುವುದು 19 ಸಲ. ಭಾಗಿಸುವುದು ಮಾತ್ರ 20ರಿಂದ. ಆವರ್ತಕಾಲ, ಅಂದರೆ ಒಮ್ಮೆ ಹೋಗಿಬರುವ ಸಮಯ, ಶೇ 5ರಷ್ಟು ಕಡಿಮೆಯಾಗುತ್ತದೆ. ಜಿಯ ಸೂತ್ರದಲ್ಲಿ ಉದ್ದವನ್ನು ಅದರ ವರ್ಗದಿಂದ ಭಾಗಿಸುವುದರಿಂದ ಜಿ ಶೇ 11ರಷ್ಟು ಹಿಗ್ಗಿ 10.8 ಆಗುತ್ತದೆ. ‘ಸೊನ್ನೆ’ಯಿಂದ ಎಣಿಸಬೇಕಿತ್ತು, ಅಷ್ಟೇ.

9.7 ಬಂದವಳು ದಾರವನ್ನು ಕೊಕ್ಕೆಯವರೆಗಷ್ಟೇ ಅಳೆದು, ಗುಂಡಿನ ತ್ರಿಜ್ಯ ಸೇರಿಸಲು ಮರೆತಿರಬಹುದು. ಮೀಟರಿಗೆ ಒಂದು ಸೆಂಟಿಮೀಟರ್ ತಪ್ಪಿದರೆ ಜಿ ಶೇ 1 ಇಳಿಯುತ್ತದೆ. ಸ್ವಾರಸ್ಯವೆಂದರೆ, ಅದೇ ರೀಡಿಂಗುಗಳಿಂದ ಉದ್ದಕ್ಕೂ ಆವರ್ತಕಾಲದ ವರ್ಗಕ್ಕೂ ಗ್ರಾಫ್ ಎಳೆದು, ಗೆರೆಯ ಇಳಿಜಾರಿನಿಂದ ಜಿ ತೆಗೆದರೆ ಈ ತಪ್ಪು ತಟ್ಟುವುದೇ ಇಲ್ಲ! ಗೆರೆ ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ, ಇಳಿಜಾರು ಹಾಗೇ ಉಳಿಯುತ್ತದೆ. ಇನ್ನು 9.9ಕ್ಕೆ, ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡು ಆಚೀಚೆಯಾದರೂ ಸಾಕು.

ಬೇಸರವಾಗುವುದು, 9.8 ಬರಲೇಬೇಕೆಂದು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದಾಗ. 1672ರಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ ರಿಶೇ ಸಮಭಾಜಕ ವೃತ್ತದ ಹತ್ತಿರದ ಕಯೆನ್‌ನಲ್ಲಿದ್ದ. ಪ್ಯಾರಿಸ್ಸಿನಲ್ಲಿ ಸರಿಯಾಗಿ ಹೊಂದಿಸಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷದಷ್ಟು ಹಿಂದೆ ಬೀಳತೊಡಗಿತು. ಸಮಯ ಸರಿಹೋಗಲು ಲೋಲಕವನ್ನು ಸುಮಾರು 3 ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು. ಅಂದರೆ ಅಲ್ಲಿ ಜಿ ಕಡಿಮೆಯಿತ್ತು. ಅವನ ಅಳತೆಯನ್ನೇ ಅನುಮಾನಿಸಿದವರಿದ್ದರು. ಆದರೂ ರಿಶೇ ಕಂಡದ್ದನ್ನು ಕಂಡ ಹಾಗೇ ವರದಿ ಮಾಡಿದ. ಭೂಮಿ ನಡುವಿನಲ್ಲಿ ಉಬ್ಬಿದೆ ಎಂದು 1687ರಲ್ಲಿ ವಾದಿಸಿದ ನ್ಯೂಟನ್‌ಗೆ ಒದಗಿಬಂದದ್ದು ಈ ಹೊಂದದ ಅಂಕಿಯೇ.

ಬೆಂಗಳೂರಿನಲ್ಲಿ ಜಿ ಸುಮಾರು 9.78, ಧ್ರುವಗಳಲ್ಲಿ 9.83. ಒಂದು ಮೀಟರ್ ಲೋಲಕದ 20 ಆಂದೋಲನದಲ್ಲಿ ಈ ವ್ಯತ್ಯಾಸ ಬರೀ 0.1 ಸೆಕೆಂಡು, ಬೆರಳಿನ ತಡವರಿಕೆಯಲ್ಲೇ ಮುಚ್ಚಿಹೋಗುತ್ತದೆ. ತಾಳ್ಮೆಯಿಂದ 100 ಎಣಿಸಿದರೆ ಅರ್ಧ ಸೆಕೆಂಡಾಗುತ್ತದೆ. ಅಷ್ಟನ್ನು ನಮ್ಮ ಕಾಲೇಜು ಲ್ಯಾಬಿನ ಸ್ಟಾಪ್‌ವಾಚ್ ಕೂಡ ಹಿಡಿಯಬಲ್ಲದು.