ಸ್ಟನ್ ಗನ್ ಇಟ್ಟುಕೊಳ್ಳುವುದು, ಒಯ್ಯುವುದು: ಅಮೆರಿಕದ ರಾಜ್ಯ ಕಾನೂನುಗಳ ಕುರಿತು ಅಧ್ಯಯನ ಟಿಪ್ಪಣಿ

ಅಮೆರಿಕದಲ್ಲಿ ನಾಗರಿಕರ ಸ್ಟನ್ ಗನ್ ಬಳಕೆಯನ್ನು ಬಹುಮಟ್ಟಿಗೆ ಆಯಾ ರಾಜ್ಯದ ಕಾನೂನೇ ನಿಯಂತ್ರಿಸುತ್ತದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕನ್ನೂ ಸಾರ್ವಜನಿಕ ಸ್ಥಳಕ್ಕೆ ಒಯ್ಯುವ ಹಕ್ಕನ್ನೂ ಬಿಡಿಬಿಡಿಯಾಗಿ ನೋಡದಿದ್ದರೆ ತೀರ್ಪುಗಳು ಗೋಜಲಾಗಿ ಕಾಣುತ್ತವೆ. ಮೈಗೆ ತಾಗಿಸಿ ವಿದ್ಯುತ್ ಆಘಾತ ಕೊಡುವುದು ಸ್ಟನ್ ಗನ್. ತಂತಿಗೆ ಜೋಡಿಸಿದ ಎರಡು ಮುಳ್ಳುಗಳನ್ನು ದೂರಕ್ಕೆ ಚಿಮ್ಮಿಸುವುದು ಟೇಸರ್. ಹಲವು ರಾಜ್ಯಗಳು ಎರಡಕ್ಕೂ ಒಂದೇ ನಿಯಮವನ್ನು ಅನ್ವಯಿಸುತ್ತವೆ.

ಈ ಅಧ್ಯಾಯದ ಕೇಂದ್ರ 2016ರ ಕೇಟಾನೊ ವಿರುದ್ಧ ಮ್ಯಾಸಚೂಸೆಟ್ಸ್ ಪ್ರಕರಣ. ಹಿಂಸೆ ನೀಡುತ್ತಿದ್ದ ಮಾಜಿ ಸಂಗಾತಿಗೆ ಹೆದರಿ ಸ್ಟನ್ ಗನ್ ಇಟ್ಟುಕೊಂಡಿದ್ದ ಮಹಿಳೆಯೊಬ್ಬರ ಕೈಚೀಲದಲ್ಲಿ ಪೊಲೀಸರಿಗೆ ಅದು ಸಿಕ್ಕಿತು. ಸ್ಟನ್ ಗನ್ ಇಟ್ಟುಕೊಳ್ಳುವುದನ್ನು ನಿಷೇಧಿಸಿದ್ದ ರಾಜ್ಯ ಕಾನೂನಿನಡಿ ಅವರಿಗಾದ ಶಿಕ್ಷೆಯನ್ನು ಎತ್ತಿಹಿಡಿದ ರಾಜ್ಯದ ಅತ್ಯುನ್ನತ ನ್ಯಾಯಾಲಯವು, ಆಯುಧ ಹೊಂದುವ ಹಕ್ಕನ್ನು ಕಾಯುವ ಸಂವಿಧಾನದ ಎರಡನೇ ತಿದ್ದುಪಡಿ ಜಾರಿಗೆ ಬಂದಾಗ ಇಂಥ ಆಯುಧ ಬಳಕೆಯಲ್ಲಿರಲಿಲ್ಲ, ಇದು ಆಧುನಿಕ ಆವಿಷ್ಕಾರವಾದ್ದರಿಂದ ಅಸಾಮಾನ್ಯ, ಸೇನೆಯ ಬಳಕೆಗೂ ಸುಲಭವಾಗಿ ಒಗ್ಗುವಂಥದ್ದಲ್ಲ ಎಂಬ ಮೂರು ಕಾರಣಗಳನ್ನು ನೀಡಿತ್ತು. ಈ ಮೂರೂ, ಆಯುಧ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ತಾನೇ ನೀಡಿದ್ದ 2008ರ ಹೆಲ್ಲರ್ ತೀರ್ಪಿಗೆ ವಿರುದ್ಧವಾಗಿವೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿ, ರಾಜ್ಯ ನ್ಯಾಯಾಲಯದ ತೀರ್ಪನ್ನು ರದ್ದುಪಡಿಸಿ ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು.

ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲಿಯೇ. ಸುಪ್ರೀಂ ಕೋರ್ಟ್ ತಿರಸ್ಕರಿಸಿದ್ದು ಕೆಳಗಿನ ನ್ಯಾಯಾಲಯದ ತರ್ಕವನ್ನು. ನಿಷೇಧ ಅಸಾಂವಿಧಾನಿಕವೆಂದು ಅದು ತಾನೇ ಘೋಷಿಸಲಿಲ್ಲ. ಹಾಗೆ ಘೋಷಿಸಿದ್ದು 2018ರ ರಾಮಿರೆಜ್ ಪ್ರಕರಣದಲ್ಲಿ ಮ್ಯಾಸಚೂಸೆಟ್ಸ್ ನ್ಯಾಯಾಲಯವೇ. ಆಗಲೂ ಅದು, ಸಂಪೂರ್ಣ ನಿಷೇಧ ಸಲ್ಲದಾದರೂ ಪರವಾನಗಿಯಂಥ ನಿಯಂತ್ರಣಕ್ಕೆ ಅವಕಾಶವಿದೆ ಎಂದಿತು. ಆ ರಾಜ್ಯದಲ್ಲಿ ಈಗ ಇದಕ್ಕೆ ಪರವಾನಗಿ ಬೇಕು.

ಒಯ್ಯುವ ಪ್ರಶ್ನೆಗೆ ಇಲಿನಾಯ್‌ನ ವೆಬ್ ಪ್ರಕರಣವನ್ನು (2019) ಓದಬೇಕು. ಅಲ್ಲಿ ಮರೆಮಾಡಿ ಒಯ್ಯುವ ಪರವಾನಗಿ ಕೈಬಂದೂಕಿಗೆ ಮಾತ್ರ ಸಿಗುತ್ತಿತ್ತು. ಹೀಗಾಗಿ ಪಿಸ್ತೂಲನ್ನು ಕಾನೂನುಬದ್ಧವಾಗಿ ಒಯ್ಯಬಹುದಿದ್ದವರಿಗೂ ಅದಕ್ಕಿಂತ ಕಡಿಮೆ ಮಾರಕವಾದ ಸ್ಟನ್ ಗನ್ ಒಯ್ಯಲು ದಾರಿಯಿರಲಿಲ್ಲ. ಇದು ಸಂಪೂರ್ಣ ನಿಷೇಧವೇ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದುಪಡಿಸಿತು. ನನ್ನ ದೃಷ್ಟಿಯಲ್ಲಿ ಕೇಟಾನೊಗಿಂತ ಇದರ ತರ್ಕವೇ ಹೆಚ್ಚು ಸ್ಪಷ್ಟ.

ಉಳಿದ ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾ ಪರವಾನಗಿ ಕೇಳುವುದಿಲ್ಲವಾದರೂ ಗಂಭೀರ ಅಪರಾಧ ಸಾಬೀತಾದವರಿಗೆ ಸ್ಟನ್ ಗನ್ ಕೊಳ್ಳಲು ಬಿಡುವುದಿಲ್ಲ. ಬೀದಿಯಲ್ಲಿ ಅದನ್ನು ಒಯ್ಯಬಲ್ಲವರೂ ಸರ್ಕಾರಿ ಕಟ್ಟಡದೊಳಕ್ಕೆ ತರುವಂತಿಲ್ಲ. ವಿಸ್ಕಾನ್ಸಿನ್‌ನಲ್ಲಿ ಸ್ವಂತ ಮನೆ ಅಥವಾ ವ್ಯಾಪಾರಸ್ಥಳದ ಹೊರಗೆ ಒಯ್ಯಲು ಪರವಾನಗಿ ಬೇಕು. ಹವಾಯಿ ತನ್ನ ನಿಷೇಧವನ್ನು ಶಾಸನದ ಮೂಲಕವೇ ತೆಗೆದುಹಾಕಿತು. ಹೊಸ ಕಾನೂನು 2022ರ ಜನವರಿ 1ರಿಂದ ಜಾರಿಯಲ್ಲಿದೆ.