ಮುರಿದ ಗೇರಿಗೂ ಅರ್ಧ ಪುಟ ಕೊಡಿ

ರೋಬೋ ಸ್ಪರ್ಧೆಗೆ ನಾಲ್ಕು ದಿನ ಇದೆ ಅನ್ನುವಾಗ ನನ್ನ ಫೋನಿಗೆ ಮಕ್ಕಳ ತಂಡಗಳ ಪಿಡಿಎಫ್‌ಗಳು ಬರಲು ಶುರುವಾಗುತ್ತವೆ. "ಸರ್, ಒಂದ್ಸಲ ನೋಡಿ ಹೇಳ್ತೀರಾ?" ತೆರೆದರೆ ಮೊದಲು ಲೋಗೋ, ಆಮೇಲೆ ಎಲ್ಲರ ಫೋಟೋ, ಆಮೇಲೆ ಯಾರಿಗೆ ಯಾವ ಹವ್ಯಾಸ ಅನ್ನುವ ಪುಟ. ರೋಬೋ ಮುಖ ತೋರಿಸುವುದು ಆರನೇ ಪುಟದಲ್ಲಿ.

ಇದು ಫಸ್ಟ್ ಟೆಕ್ ಚಾಲೆಂಜ್, ಅಂದರೆ ಎಫ್‌ಟಿಸಿ ತಂಡಗಳ ಕತೆ. ಏಳರಿಂದ ಹನ್ನೆರಡನೇ ಕ್ಲಾಸಿನವರೆಗಿನ ಮಕ್ಕಳ ಸ್ಪರ್ಧೆ ಇದು. ಪಂದ್ಯದ ಮೊದಲ 30 ಸೆಕೆಂಡ್ ರೋಬೋ ತಾನೇ ಓಡಬೇಕು, ಆಮೇಲಿನ 2 ನಿಮಿಷ ಮಕ್ಕಳು ಓಡಿಸುತ್ತಾರೆ. ಆ ಅಂಕಗಳ ಲೆಕ್ಕ ಬೇರೆ. ಇನ್‌ಸ್ಪೈರ್, ಥಿಂಕ್, ಇನ್ನೋವೇಟ್, ಕಂಟ್ರೋಲ್ ಥರದ ಪ್ರಶಸ್ತಿಗಳನ್ನು ಕೊಡುವುದು ಜಡ್ಜ್‌ಗಳು. ಸಂದರ್ಶನ, ಪಿಟ್‌ನಲ್ಲಿ (ತಂಡ ರೋಬೋ ಇಟ್ಟುಕೊಂಡು ಸರಿಮಾಡುವ ಜಾಗ) ನಡೆಯುವ ಮಾತು, ಎಂಜಿನಿಯರಿಂಗ್ ಪೋರ್ಟ್‌ಫೋಲಿಯೋ, ಅಂದರೆ ರೋಬೋವನ್ನು ಹೇಗೆ ಕಟ್ಟಿದೆವು ಅಂತ ತಂಡ ಬರೆದ ಆ ಪಿಡಿಎಫ್, ಇವೇ ಅವರ ಮುಖ್ಯ ಆಧಾರ. ಪೋರ್ಟ್‌ಫೋಲಿಯೋಗೆ ಮುಖಪುಟ ಬಿಟ್ಟು 15 ಪುಟ. ಅದರಲ್ಲಿ ಹವ್ಯಾಸಕ್ಕೆ ಜಾಗ ಎಲ್ಲಿದೆ?

ಮಕ್ಕಳು ಸುಳ್ಳು ಬರೆಯುವುದಿಲ್ಲ. ಆದರೆ ಸೋತಿದ್ದನ್ನು ಮುಚ್ಚಿಡುತ್ತಾರೆ. ನಮ್ಮ ಪ್ರಾಜೆಕ್ಟ್ ರೆಕಾರ್ಡ್ ಬರೆಯುವ ಅಭ್ಯಾಸವೇ ಹಾಗಲ್ವಾ? ಉತ್ತರ ಸರಿ ಬಂದಿದ್ದನ್ನು ಮಾತ್ರ ಫೇರ್ ಕಾಪಿ ಮಾಡುವುದು.

ಒಂದು ತಂಡ ಬರೆದಿತ್ತು: "ನಮ್ಮ ಇಂಟೇಕ್ ತುಂಬಾ ವೇಗವಾಗಿ, ದಕ್ಷವಾಗಿ ಕೆಲಸ ಮಾಡುತ್ತದೆ." ಇಂಟೇಕ್ ಅಂದರೆ ಕೆಳಗೆ ಬಿದ್ದ ವಸ್ತುವನ್ನು ಒಳಗೆಳೆದುಕೊಳ್ಳುವ ಭಾಗ. ಅದನ್ನು ಮಾಡಿದ ಹುಡುಗಿಯನ್ನು ಕೂರಿಸಿಕೊಂಡು, "ಇಂಗ್ಲಿಷ್ ಬಿಡಮ್ಮ, ಕನ್ನಡದಲ್ಲೇ ಹೇಳು, ಏನಾಯ್ತು?" ಅಂದೆ. ಹತ್ತು ನಿಮಿಷ ನಿಲ್ಲಿಸಲೇ ಇಲ್ಲ. ಮೊದಲು ಗಟ್ಟಿ ರಬ್ಬರ್ ಚಕ್ರ ಹಾಕಿದ್ದರಂತೆ. 20 ಸಲ ಓಡಿಸಿದರೆ 11 ಸಲ ಮಾತ್ರ ಹಿಡಿಯುತ್ತಿತ್ತು. ವಸ್ತು ಓರೆಯಾಗಿ ಬಂದರೆ ಸಿಕ್ಕಿಕೊಂಡು, ಒಂದು ದಿನ ಪ್ಲಾಸ್ಟಿಕ್ ಗೇರಿನ ಹಲ್ಲೇ ಹೋಯಿತು. ಮೆತ್ತನೆಯ ರಬ್ಬರ್ ಟ್ಯೂಬ್ ಹಾಕಿದ ಮೇಲೆ 20ಕ್ಕೆ 18. ವೇಗ ಸ್ವಲ್ಪ ಕಡಿಮೆಯಾಯಿತು, ಪರವಾಗಿಲ್ಲ ಅಂತ ತಂಡ ಒಪ್ಪಿಕೊಂಡಿತು. "ಇದೆಲ್ಲಾ ಬರೀಬಹುದಾ ಸರ್? ಮುರಿದಿದ್ದು?"

ಅದನ್ನೇ ಬರೆಯಬೇಕು. ಆ ಮುರಿದ ಗೇರಿನ ಫೋಟೋ, ಎರಡು ಅಂಕಿ, ಯಾಕೆ ಬದಲಿಸಿದೆವು ಅನ್ನುವ ಎರಡು ಸಾಲು. ಅರ್ಧ ಪುಟ ಸಾಕು. ಥಿಂಕ್ ಪ್ರಶಸ್ತಿಗೆ ಜಡ್ಜ್ ಹುಡುಕುವುದು ತಂಡ ಎಂಜಿನಿಯರಿಂಗ್ ದಾರಿಯಲ್ಲಿ ಹೇಗೆ ನಡೆಯಿತು ಅನ್ನುವುದನ್ನು. ವೇಗವನ್ನು ಬಿಟ್ಟುಕೊಟ್ಟು ಹಿಡಿತವನ್ನು ಉಳಿಸಿಕೊಂಡೆವು ಅನ್ನುವ ಆ ಒಂದು ತೀರ್ಮಾನ ಕಂಪ್ಯೂಟರಿನಲ್ಲಿ ಬಿಡಿಸಿದ ಹತ್ತು ಕ್ಯಾಡ್ ಚಿತ್ರಗಳಿಗಿಂತ ಜಾಸ್ತಿ ಹೇಳುತ್ತದೆ.

ಆದರೆ ಆ 11 ಮತ್ತು 18 ಎಲ್ಲಿಂದ ಬಂತು? ಪುಣ್ಯಕ್ಕೆ ಯಾರೋ ವೈಟ್‌ಬೋರ್ಡಿನ ಫೋಟೋ ತೆಗೆದಿಟ್ಟಿದ್ದರು. ಅದಕ್ಕೇ ಮೊದಲ ದಿನವೇ ಒಂದು 200 ಪುಟದ ನೋಟ್‌ಬುಕ್ ತನ್ನಿ ಅನ್ನುತ್ತೇನೆ. ದಿನಕ್ಕೆ ಮೂರು ಸಾಲು: ಏನು ಮಾಡಿದೆವು, ಏನು ಕೈಕೊಟ್ಟಿತು, ನಾಳೆ ಏನು. ಕೈಬರಹ ಕೆಟ್ಟದಾಗಿದ್ದರೂ ನಡೆಯುತ್ತದೆ. ಜಡ್ಜ್ ಕೈಗೆ ಕೊಡುವುದು ಅದನ್ನಲ್ಲವಲ್ಲ.

ಔಟ್‌ರೀಚ್ ಪುಟದಲ್ಲಿ, ಅಂದರೆ ತಂಡದ ಹೊರಗಿನವರಿಗೆ ಏನು ಕಲಿಸಿದೆವು ಅಂತ ಹೇಳುವಲ್ಲಿ, ಅಂಕಿಗಳು ಯಾಕೋ ಉಬ್ಬುತ್ತವೆ. "500 ಮಕ್ಕಳನ್ನು ತಲುಪಿದೆವು" ಅಂತಾರೆ. ಕೇಳಿದರೆ, ಶಾಲೆಯ ಪ್ರಾರ್ಥನೆ ಸಮಯದಲ್ಲಿ ಐದು ನಿಮಿಷ ರೋಬೋ ಓಡಿಸಿದ್ದು! ಸರ್ಕಾರಿ ಶಾಲೆಯ 12 ಮಕ್ಕಳಿಗೆ ನಾಲ್ಕು ಶನಿವಾರ ಮೋಟಾರ್ ಜೋಡಿಸಲು ಕಲಿಸಿದ್ದರೆ ಅದನ್ನು ಬರೆಯಿರಿ. ಜಡ್ಜ್ ಮುಂದಿನ ಪ್ರಶ್ನೆ ಕೇಳಿದಾಗ ಹೇಳಲು ಮಾತಿರುತ್ತದೆ.

ವಿಡಿಯೋ ಲಿಂಕ್, ಕ್ಯೂಆರ್ ಕೋಡ್ ನೆಚ್ಚಿಕೊಳ್ಳಬೇಡಿ. ಪುಟದ ಮೇಲೆ ಇರುವುದಷ್ಟೇ ಲೆಕ್ಕ. ಪ್ರಶಸ್ತಿಯ ನಿಯಮಗಳನ್ನು ಆ ವರ್ಷದ ಕೈಪಿಡಿಯಲ್ಲೇ ಓದಿ, ಸೀನಿಯರ್‌ಗಳ ಹಳೇ ಪಿಡಿಎಫ್ ನೋಡಿಕೊಂಡಲ್ಲ.

ಮೆಂಟರ್‌ಗಳಿಗೂ, ಅಂದರೆ ತಂಡಕ್ಕೆ ದಾರಿ ತೋರಿಸುವ ನನ್ನಂಥವರಿಗೂ, ಒಂದು ಮಾತು. ವಾಕ್ಯಗಳನ್ನು ನೀವು ತಿದ್ದಿ ಚಂದ ಮಾಡಿದರೆ ಸಂದರ್ಶನದಲ್ಲಿ ಸಿಕ್ಕಿಬೀಳುವುದು ಮಕ್ಕಳು. ಒಳಗೆ ನಾವು ಕೂತಿರಬಹುದು, ಬಾಯಿ ಬಿಡುವ ಹಾಗಿಲ್ಲ. ಮೊದಲ ಐದು ನಿಮಿಷ ತಂಡ ಹೇಳುತ್ತದೆ, ಆಮೇಲೆ ಪ್ರಶ್ನೆಗಳು. ಆ ಹುಡುಗಿಗೂ ಇಂಟೇಕ್ ಬಗ್ಗೆಯೇ ಕೇಳಿದರು. ಇಂಗ್ಲಿಷ್ ಅರ್ಧಕ್ಕೇ ನಿಂತಿತು. ಅವಳು ಜೇಬಿನಿಂದ ಹಲ್ಲು ಮುರಿದ ಗೇರನ್ನು ತೆಗೆದು ಮೇಜಿನ ಮೇಲಿಟ್ಟಳು. ಜಡ್ಜ್‌ಗಳಿಬ್ಬರೂ ಕುರ್ಚಿ ಮುಂದಕ್ಕೆಳೆದುಕೊಂಡರು.